ಕಹಿ ಉಪ್ಪಿನ ಕತೆ: ಹೆರಿಗೆ ಕೋಣೆಯ ಮೂರ್ಛೆಯಿಂದ ನೆನಪಿನ ಗುಳಿಗೆಯವರೆಗೆ

ನಮ್ಮ ಮನೆಗಳ ಹಿರಿಯ ಹೆಂಗಸರು ಹಳೆಯ ಹೆರಿಗೆಗಳ ಮಾತು ತೆಗೆದಾಗ ಒಂದು ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ತುಂಬು ಬಸುರಿ. ಕೆಲವು ದಿನಗಳಿಂದ ಕಾಲು ಬಾವು, ಮುಖ ಬಾವು. ತಲೆನೋವು ಎಂದು ಮಲಗಿದಳು, ಕಣ್ಣು ಮಂಜಾಗುತ್ತಿದೆ ಎಂದಳು. ಸಂಜೆಯ ಹೊತ್ತಿಗೆ ಹಲ್ಲು ಕಚ್ಚಿಕೊಂಡು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಮುಂದಿನ ಮಾತು ಹೇಳುವವರನ್ನು ಅವಲಂಬಿಸಿರುತ್ತದೆ. ಒಬ್ಬರು ನಂಜು ತಲೆಗೇರಿತು ಎನ್ನುತ್ತಾರೆ. ಇನ್ನೊಬ್ಬರು ಗಾಳಿ ಸೋಕಿತು ಎನ್ನುತ್ತಾರೆ. ಉರ್ದು ಮಾತಾಡುವ ಮನೆಗಳಲ್ಲಿ ‘ಆಸೇಬ್’ ಎಂಬ ಶಬ್ದ ಬರುತ್ತದೆ. ಮಗ್ರಿಬ್ ಹೊತ್ತಿನಲ್ಲಿ ಹುಣಸೆ ಮರದ ಕೆಳಗೆ ಹೋಗಿದ್ದಳು ಎಂಬ ಕಾರಣವೂ ಅದರ ಜೊತೆಗಿರುತ್ತದೆ. ನೀರಿಗೆ ಓದಿ ಊದಿಸಿ ತಂದರು, ತೋಳಿಗೆ ತಾಯಿತ ಕಟ್ಟಿದರು, ಕೊನೆಗೆ ಗಾಡಿ ಹುಡುಕಿದರು. ಕತೆಯ ಮುಕ್ತಾಯ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕೆಲವೊಮ್ಮೆ ಮಗು ಉಳಿಯಿತು ಎನ್ನುತ್ತಾರೆ, ಕೆಲವೊಮ್ಮೆ ಅದೂ ಇಲ್ಲ.

ಇಂಥ ಕತೆಗಳನ್ನು ಕೇಳುತ್ತ ಬೆಳೆದ ನಮಗೆ, ಆ ಸಾವಿಗೆ ಮದ್ದು ಅದೇ ಕಾಲದಲ್ಲಿ ಲೋಕದಲ್ಲಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ. ಅದು ದುಬಾರಿ ಮದ್ದೂ ಅಲ್ಲ. ಹೊಟ್ಟೆ ಶುದ್ಧಿಗೆಂದು ಔಷಧಿ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದ ಕಹಿ ಉಪ್ಪು ಅದು. ರಸಾಯನಶಾಸ್ತ್ರದಲ್ಲಿ ಅದರ ಹೆಸರು ಮೆಗ್ನೀಸಿಯಂ ಸಲ್ಫೇಟ್. ಈಗ ಅದೇ ಮೆಗ್ನೀಸಿಯಂ ಬೇರೆ ವೇಷ ತೊಟ್ಟು, ನೆನಪಿನ ಶಕ್ತಿ, ಒಳ್ಳೆಯ ನಿದ್ದೆ, ಮಿದುಳಿನ ಆರೋಗ್ಯ ಎಂಬ ಹೆಸರಿನಲ್ಲಿ ಅಂದದ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಒಂದೇ ಲೋಹದ ಈ ಎರಡು ಮುಖಗಳನ್ನು ಜೊತೆಗಿಟ್ಟು ನೋಡಿದರೆ ನಮಗೆ ಕಾಣುವುದು ವಿಜ್ಞಾನದ ಚರಿತ್ರೆ ಮಾತ್ರವಲ್ಲ. ಯಾರ ಮಿದುಳಿಗೆ ಸಮಾಜ ಎಷ್ಟು ಬೆಲೆ ಕಟ್ಟುತ್ತದೆ ಎಂಬುದೂ ಅದರಲ್ಲಿ ಕಾಣುತ್ತದೆ.

ಗಾಳಿಯೋ, ಮಿದುಳೋ?

ಮೂರ್ಛೆ ರೋಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ಗ್ರೀಕರು ಅದನ್ನು ದೇವರ ಮುನಿಸೆಂದು ಭಾವಿಸಿ ಪವಿತ್ರ ರೋಗ ಎನ್ನುತ್ತಿದ್ದರು. ಹಿಪೊಕ್ರಾಟಿಸನ ಹೆಸರಿನಲ್ಲಿ ಉಳಿದು ಬಂದ, ಕ್ರಿಸ್ತಪೂರ್ವ 400ರ ಆಸುಪಾಸಿನ ಗ್ರಂಥವೊಂದು ಇದನ್ನು ಒಪ್ಪಲಿಲ್ಲ. ಉಳಿದ ರೋಗಗಳಿಗಿಂತ ಇದರಲ್ಲಿ ಹೆಚ್ಚಿನ ಪಾವಿತ್ರ್ಯವೇನೂ ಇಲ್ಲ, ಇದರ ನೆಲೆ ಮಿದುಳು ಎಂದು ಅದು ವಾದಿಸಿತು. ಈ ವಿಚಾರ ಬಗ್ದಾದಿನ ಅನುವಾದಕರ ಮೂಲಕ ಅರಬ್ಬಿ ಭಾಷೆಗೆ ಬಂತು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ ಬರೆದ ‘ಅಲ್ ಕಾನೂನ್’ ಗ್ರಂಥದಲ್ಲಿ ‘ಸರಅ್’ ಎಂಬ ಮೂರ್ಛೆ ರೋಗದ ವಿವರಣೆ ಬರುವುದು ತಲೆಯ ರೋಗಗಳ ಸಾಲಿನಲ್ಲಿ. ಮನೋರೋಗವಾದ ‘ಮಾಲಿಖೋಲಿಯಾ’ ಜಿನ್ನಿನಿಂದ ಬರುತ್ತದೆ ಎಂದು ಕೆಲವರು ಹೇಳುವುದನ್ನು ಅವರು ಉಲ್ಲೇಖಿಸುತ್ತಾರೆ. ಆದರೆ ಆ ಚರ್ಚೆಗೆ ಇಳಿಯುವುದಿಲ್ಲ. ಕಾರಣ ಯಾವುದೇ ಇರಲಿ, ದೇಹದಲ್ಲಿ ಆಗುವ ಬದಲಾವಣೆಯನ್ನು ನೋಡಿ ಚಿಕಿತ್ಸೆ ಮಾಡುವುದು ವೈದ್ಯನ ಕೆಲಸ ಎಂಬುದು ಅವರ ನಿಲುವು. ಸಾವಿರ ವರ್ಷಗಳ ಹಿಂದೆ ನಮ್ಮವರೇ ಆದ ಒಬ್ಬ ಹಕೀಮರು ತೋರಿಸಿದ ಈ ವಿವೇಕ ಇಂದಿಗೂ ನಮ್ಮ ಎಲ್ಲ ಮೊಹಲ್ಲಾಗಳನ್ನು ತಲುಪಿಲ್ಲ.

ಮಕ್ಕಳ ಸೆಳವಿಗೆ ಯುನಾನಿ ವೈದ್ಯದಲ್ಲಿ ‘ಉಮ್ಮುಸ್ಸಿಬ್ಯಾನ್’ ಎಂಬ ಹೆಸರಿದೆ. ಹಕೀಮರಿಗೆ ಅದು ರೋಗದ ಹೆಸರು, ಮನೆಯ ಮುದುಕಿಯರಿಗೆ ಅದು ಮಕ್ಕಳನ್ನು ಹಿಡಿಯುವ ದೆವ್ವದ ಹೆಸರು. ಒಂದೇ ಶಬ್ದದೊಳಗೆ ಎರಡೂ ಲೋಕಗಳು ಹೀಗೆ ಜೊತೆಯಾಗಿ ಬದುಕಿ ಬಂದಿವೆ.

ಹದೀಸ್ ಸಂಗ್ರಹಗಳಲ್ಲಿ ಒಬ್ಬ ಕಪ್ಪು ವರ್ಣದ ಮಹಿಳೆಯ ಪ್ರಸಂಗ ಬರುತ್ತದೆ. ಮೂರ್ಛೆ ರೋಗದಿಂದ ನರಳುತ್ತಿದ್ದ ಆಕೆ ಪ್ರವಾದಿಯವರ (ಸ) ಬಳಿ ಬಂದು ಪ್ರಾರ್ಥನೆ ಕೋರಿದಳು. ಸಹನೆಗೆ ಸ್ವರ್ಗದ ಪ್ರತಿಫಲ ಒಂದು ಕಡೆ, ಗುಣವಾಗಲೆಂಬ ದುಆ ಇನ್ನೊಂದು ಕಡೆ. ಆಯ್ಕೆಯನ್ನು ಆಕೆಗೇ ಬಿಡಲಾಯಿತು. ಆಕೆ ಸಹನೆಯನ್ನು ಆರಿಸಿಕೊಂಡಳು. ಆದರೆ ಬಿದ್ದಾಗ ತನ್ನ ಮೈ ಬಯಲಾಗದಿರಲಿ ಎಂದು ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ಈ ಪ್ರಸಂಗವನ್ನು ಸಹನೆಯ ಪಾಠವಾಗಿ ಹೇಳುವವರು ಅದರ ಇನ್ನೊಂದು ಭಾಗವನ್ನು ಮರೆಯುವುದುಂಟು. ಅಲ್ಲಿ ಯಾರೂ ಆಕೆಯನ್ನು ದೆವ್ವ ಹಿಡಿದವಳೆಂದು ದೂರ ತಳ್ಳಲಿಲ್ಲ. ಆಕೆಯ ಮಾತನ್ನು ಕೇಳಲಾಯಿತು, ಆಕೆಯ ಮರ್ಯಾದೆಯನ್ನು ಕಾಯಲಾಯಿತು. ಗರ್ಭಿಣಿಯ ಮೂರ್ಛೆಯ ಚರಿತ್ರೆಯನ್ನು ಓದುವಾಗ ನಮಗೆ ಈ ಮಹಿಳೆ ನೆನಪಾಗುತ್ತಾಳೆ.

ದನಗಳು ಕುಡಿಯದ ನೀರು

ಕಹಿ ಉಪ್ಪಿನ ಕತೆ ಆರಂಭವಾಗುವುದು ಲಂಡನ್ನಿಗೆ ಹತ್ತಿರದ ಎಪ್ಸಮ್ ಎಂಬ ಊರಿನಲ್ಲಿ. 1618ರ ಬರಗಾಲದಲ್ಲಿ ಒಬ್ಬ ರೈತ ಅಲ್ಲಿನ ಮೈದಾನದಲ್ಲಿ ನೀರಿನ ಒರತೆಯೊಂದನ್ನು ಕಂಡನಂತೆ. ಬಾಯಾರಿದ ದನಗಳು ಮೂಸಿ ನೋಡಿ ಮುಖ ತಿರುಗಿಸಿದವಂತೆ. ನೀರು ಅಷ್ಟು ಕಹಿ. ಕುಡಿದ ಮನುಷ್ಯರಿಗೆ ಹೊಟ್ಟೆ ಸಡಿಲವಾಗುತ್ತಿತ್ತು, ಹುಣ್ಣಿಗೆ ಹಚ್ಚಿದರೆ ವಾಸಿಯಾಗುತ್ತದೆಂಬ ಮಾತೂ ಹಬ್ಬಿತು. ಕೆಲವೇ ದಶಕಗಳಲ್ಲಿ ಎಪ್ಸಮ್ ಶ್ರೀಮಂತರು ನೀರು ಕುಡಿಯಲು ಬರುವ ಊರಾಯಿತು.

1695ರಲ್ಲಿ ನೆಹೆಮಿಯಾ ಗ್ರೂ ಎಂಬ ವೈದ್ಯ-ಸಸ್ಯವಿಜ್ಞಾನಿ ಆ ನೀರನ್ನು ಬತ್ತಿಸಿ ತೆಗೆದ ಉಪ್ಪಿನ ಬಗ್ಗೆ ಪುಸ್ತಕ ಬರೆದರು. 1698ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ರಾಜಮುದ್ರೆಯೊಂದಿಗೆ ಪಡೆದರು. ಆದರೆ ಲಂಡನ್ನಿನ ಮೌಲ್ಟ್ ಸೋದರರು ಅದೇ ಉಪ್ಪನ್ನು ಅಗ್ಗವಾಗಿ ಮಾರತೊಡಗಿದಾಗ ದೊಡ್ಡ ಜಗಳವೇ ಆಯಿತು. ಈ ಉಪ್ಪನ್ನು ಒಬ್ಬರ ಸ್ವತ್ತಾಗಿ ಹಿಡಿದಿಡುವುದು ಕಷ್ಟ ಎಂಬುದು ಅಂದೇ ಗೊತ್ತಾಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಈ ಉಪ್ಪಿನ ಪಾಲಿಗೆ ಇದೇ ವರವೂ ಆಯಿತು, ಶಾಪವೂ ಆಯಿತು.

1755ರಲ್ಲಿ ಎಡಿನ್‌ಬರೋದ ಜೋಸೆಫ್ ಬ್ಲ್ಯಾಕ್ ಈ ಉಪ್ಪಿನೊಳಗಿನ ಮೆಗ್ನೀಸಿಯವು ಸುಣ್ಣವಲ್ಲ, ಬೇರೆಯೇ ಆದ ವಸ್ತು ಎಂದು ತೋರಿಸಿದರು. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಅದರೊಳಗಿನ ಲೋಹವನ್ನು ಬೇರ್ಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್, ಎಲೆಗಳ ಹಸಿರು ಬಣ್ಣವಾದ ಕ್ಲೋರೊಫಿಲ್‌ನ ನಡುವೆ ಕುಳಿತಿರುವುದು ಇದೇ ಮೆಗ್ನೀಸಿಯಂ ಎಂದು ಕಂಡುಕೊಂಡರು. ಅವರಿಗೆ 1915ರ ನೊಬೆಲ್ ಪ್ರಶಸ್ತಿ ಬಂತು. ಸೊಪ್ಪು ಸದೆಯಲ್ಲಿ ಮೆಗ್ನೀಸಿಯಂ ಇದೆ ಎಂದು ಇಂದು ವೈದ್ಯರು ಹೇಳುವುದರ ಗುಟ್ಟು ಇದೇ. ಇಷ್ಟೆಲ್ಲ ಆದರೂ ಜನರ ಪಾಲಿಗೆ ಅದು ಭೇದಿಯ ಉಪ್ಪಾಗಿಯೇ ಉಳಿದಿತ್ತು.

ಪ್ರಯೋಗಾಲಯದಿಂದ ಹೆರಿಗೆ ಕೋಣೆಗೆ

ಈ ಉಪ್ಪಿಗೂ ಮಿದುಳು-ನರಗಳಿಗೂ ನಂಟು ಇದೆ ಎಂದು ಸ್ಪಷ್ಟವಾಗಿ ಕಂಡದ್ದು 1905ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಸ್ಯಾಮ್ಯುಯೆಲ್ ಮೆಲ್ಟ್‌ಜರ್ ಮತ್ತು ಜಾನ್ ಆವರ್ ಎಂಬ ಇಬ್ಬರು ವಿಜ್ಞಾನಿಗಳು ಮೆಗ್ನೀಸಿಯಂ ಉಪ್ಪನ್ನು ಚುಚ್ಚಿದಾಗ ಪ್ರಾಣಿಗಳ ಸ್ನಾಯುಗಳು ಸಡಿಲಗೊಂಡು, ಅವು ಅರಿವಳಿಕೆ ಪಡೆದಂತೆ ಮಲಗುವುದನ್ನು ಗಮನಿಸಿದರು. ಪ್ರಮಾಣ ಹೆಚ್ಚಾದರೆ ಉಸಿರು ನಿಲ್ಲುವ ಅಪಾಯವನ್ನೂ ಕಂಡರು. ಕ್ಯಾಲ್ಸಿಯಂ ಕೊಟ್ಟರೆ ಆ ಪರಿಣಾಮ ಇಳಿಯುತ್ತದೆ ಎಂಬುದನ್ನು ಕೆಲವೇ ವರ್ಷಗಳಲ್ಲಿ ತೋರಿಸಿದರು. ಮೆಗ್ನೀಸಿಯಂ ಕೊಡುವ ವಾರ್ಡಿನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ನನ್ನು ಕೈಗೆ ಸಿಗುವಂತೆ ಇಡಬೇಕೆಂಬ ಇಂದಿನ ನಿಯಮದ ಬೇರು ಅಲ್ಲಿದೆ.

ಅಂದಿನ ದಿನಗಳಲ್ಲಿ ಗರ್ಭಿಣಿಯ ಮೂರ್ಛೆಗೆ ಇದ್ದ ಚಿಕಿತ್ಸೆಗಳನ್ನು ಓದಿದರೆ ಮೈ ನಡುಗುತ್ತದೆ. ಮೊದಲು ರಕ್ತ ಬಸಿಯುತ್ತಿದ್ದರು. ಆಮೇಲೆ ರಷ್ಯಾದ ಸ್ಟ್ರೋಗನಾಫ್ ಹೇಳಿದ ಪದ್ಧತಿ ಹರಡಿತು: ಕತ್ತಲೆ ಕೋಣೆ, ಸದ್ದಿಲ್ಲ, ಬೆಳಕಿಲ್ಲ, ಮಾರ್ಫಿನ್ ಮತ್ತು ಕ್ಲೋರಲ್ ಕೊಟ್ಟು ಮಲಗಿಸುವುದು. ಈ ರೋಗವನ್ನು ವೈದ್ಯರು ‘ಎಕ್ಲಾಂಪ್ಸಿಯಾ’ ಎನ್ನುತ್ತಾರೆ. ಥಟ್ಟನೆ ಹೊಳೆಯುವುದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು ಅದು. ಮುನ್ಸೂಚನೆ ಇಲ್ಲದೆ ಬಂದೆರಗುತ್ತದೆ ಎಂದು ಹಿಂದಿನವರು ತಿಳಿದಿದ್ದರು. ನಿಜಕ್ಕೂ ಬಹಳಷ್ಟು ಸಲ ಮುನ್ಸೂಚನೆ ಇರುತ್ತದೆ. ಗರ್ಭದ ಐದು ತಿಂಗಳು ಕಳೆದ ಮೇಲೆ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೊಟೀನ್ ಹೋಗತೊಡಗುತ್ತದೆ, ತಲೆನೋವು ಬರುತ್ತದೆ, ಕಣ್ಣು ಮಂಜಾಗುತ್ತದೆ. ಮಿದುಳಿನ ರಕ್ತನಾಳಗಳು ಆ ಒತ್ತಡವನ್ನು ತಾಳಲಾರದೆ ಹೋದಾಗ ಸೆಳವು ಬರುತ್ತದೆ. ಹೆರಿಗೆಯಾದ ನಂತರವೂ ಬರಬಹುದು.

1906ರಲ್ಲಿ ಜರ್ಮನಿಯ ಹಾರ್ನ್ ಎಂಬ ವೈದ್ಯರು ಈ ರೋಗಕ್ಕೆ ಮೆಗ್ನೀಸಿಯಂ ಸಲ್ಫೇಟನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿ ನೋಡಿದರು. 1920ರ ದಶಕದ ನಡುವೆ ಅಮೆರಿಕದ ಲಝಾರ್ಡ್ ಅದನ್ನು ರಕ್ತನಾಳಕ್ಕೂ ಡಾರ್ಸೆಟ್ ಸ್ನಾಯುವಿಗೂ ಕೊಡತೊಡಗಿದರು. 1955ರಿಂದ ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಜ್ಯಾಕ್ ಪ್ರಿಚರ್ಡ್ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಅವರ ತಂಡ 1984ರಲ್ಲಿ ಪ್ರಕಟಿಸಿದ 245 ಎಕ್ಲಾಂಪ್ಸಿಯಾ ಪ್ರಕರಣಗಳಲ್ಲಿ ಸತ್ತ ತಾಯಿ ಒಬ್ಬಳು ಮಾತ್ರ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ‘ಪ್ರಿಚರ್ಡ್ ರೆಜಿಮೆನ್’ ಎಂಬ ಮಾತು ಕೇಳಿಬರುತ್ತದೆ.

ಯಾರೂ ಹಣ ಹಾಕದ ಮದ್ದು

ಹಾಗಾದರೆ ಲೋಕವೆಲ್ಲ ಈ ಉಪ್ಪನ್ನು ಕೂಡಲೇ ಅಪ್ಪಿಕೊಂಡಿತೇ? ಇಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದವರೆಗೂ ಬಹಳ ಕಡಿಮೆ ವೈದ್ಯರು ಇದನ್ನು ಬಳಸುತ್ತಿದ್ದರು. ಅಲ್ಲಿ ಡಯಾಜೆಪಾಮ್, ಆಮೇಲೆ ಫೆನಿಟಾಯಿನ್ ರೂಢಿಯಲ್ಲಿದ್ದವು. ನಮ್ಮ ದೇಶದಲ್ಲಿ ಮದರಾಸಿನ ಡಾ. ಕೃಷ್ಣ ಮೆನನ್ 1961ರಲ್ಲಿ ಪ್ರಕಟಿಸಿದ, ಮೂರು ಮದ್ದುಗಳನ್ನು ಬೆರೆಸಿ ಕೊಡುವ ‘ಲಿಟಿಕ್ ಕಾಕ್‌ಟೇಲ್’ ಪದ್ಧತಿ ಬಹುಕಾಲ ನಡೆಯಿತು. ಆ ಕಾಲದ ಸಾವುಗಳನ್ನು ಕಣ್ಣಾರೆ ಕಂಡ ವೈದ್ಯರು ತಮ್ಮ ಕೈಲಿದ್ದ ಮದ್ದುಗಳಿಂದಲೇ ತಾಯಂದಿರನ್ನು ಉಳಿಸಲು ಹೆಣಗಿದ್ದರ ಫಲ ಅದು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಯಾವ ಮದ್ದು ಮೇಲು ಎಂಬುದನ್ನು ಸರಿಯಾಗಿ ತೂಗಿ ನೋಡುವ ದೊಡ್ಡ ಪ್ರಯೋಗ ನಡೆಯಲೇ ಇಲ್ಲ.

ಯಾಕೆ ನಡೆಯಲಿಲ್ಲ? ಇಂಥ ಪ್ರಯೋಗಕ್ಕೆ ಹಣ ಹಾಕುವವರು ಹೆಚ್ಚಾಗಿ ಔಷಧ ಕಂಪನಿಗಳು. ಯಾರ ಸ್ವತ್ತೂ ಅಲ್ಲದ, ಬಿಡಿಗಾಸಿಗೆ ಸಿಗುವ ಉಪ್ಪಿನ ಮೇಲೆ ಯಾವ ಕಂಪನಿ ತಾನೇ ಹಣ ಸುರಿಯುತ್ತದೆ? ರೋಗಿಗಳಾದರೂ ಯಾರು? ಹೆಚ್ಚಿನವರು ಬಡ ದೇಶಗಳ ಬಡ ಹೆಂಗಸರು. ಸಿರಿವಂತ ದೇಶಗಳಲ್ಲಿ ರಕ್ತದೊತ್ತಡವನ್ನು ಮೊದಲೇ ಅಳೆದು ನೋಡುತ್ತಿದ್ದುದರಿಂದ ಅಲ್ಲಿ ಈ ರೋಗ ಅಪರೂಪವಾಗಿತ್ತು. ಹೀಗೆ 1906ರಿಂದ ಹೆಚ್ಚುಕಡಿಮೆ ತೊಂಬತ್ತು ವರ್ಷ ಈ ಪ್ರಶ್ನೆ ಅನಾಥವಾಗಿ ಬಿದ್ದಿತ್ತು.

ಕೊನೆಗೆ ಉತ್ತರ ಸಿಕ್ಕಿದ್ದು 1995ರಲ್ಲಿ. ಆಕ್ಸ್‌ಫರ್ಡಿನ ಲೀಲಿಯಾ ಡೂಲಿ ಮುಂದಾಳತ್ವದಲ್ಲಿ ಭಾರತ, ಘಾನಾ, ಉಗಾಂಡ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ, ಬ್ರೆಜಿಲ್, ಕೊಲಂಬಿಯಾ, ವೆನೆಜುವೆಲಾ ದೇಶಗಳ 1,687 ತಾಯಂದಿರು ಪಾಲ್ಗೊಂಡ ಪ್ರಯೋಗದ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಡಯಾಜೆಪಾಮ್ ಪಡೆದ ನೂರು ಮಂದಿಯಲ್ಲಿ ಸುಮಾರು 28 ಮಂದಿಗೆ ಮತ್ತೆ ಸೆಳವು ಬಂದರೆ ಮೆಗ್ನೀಸಿಯಂ ಪಡೆದವರಲ್ಲಿ ಸುಮಾರು 13 ಮಂದಿಗೆ ಬಂತು. ಫೆನಿಟಾಯಿನ್ ಪಡೆದವರಲ್ಲಿ 17, ಅದರೊಡನೆ ಹೋಲಿಸಿದ ಮೆಗ್ನೀಸಿಯಂ ಗುಂಪಿನಲ್ಲಿ ಸುಮಾರು 6. ವಾದಕ್ಕೆ ಇನ್ನು ಜಾಗವಿರಲಿಲ್ಲ. 2002ರಲ್ಲಿ 33 ದೇಶಗಳ 10,141 ಮಹಿಳೆಯರ ಮೇಲೆ ನಡೆದ ‘ಮ್ಯಾಗ್‌ಪೈ’ ಎಂಬ ಇನ್ನೊಂದು ಪ್ರಯೋಗ, ಸೆಳವು ಬರುವ ಮೊದಲೇ ಈ ಮದ್ದು ಕೊಟ್ಟರೆ ಅದನ್ನು ಅರ್ಧಕ್ಕಿಂತ ಹೆಚ್ಚು ತಡೆಯಬಹುದೆಂದು ತೋರಿಸಿತು. ಸಾವಿರ ಮಂದಿಯಲ್ಲಿ 19 ಇದ್ದದ್ದು 8ಕ್ಕೆ ಇಳಿಯಿತು.

ಬಡ ದೇಶಗಳ ಹೆರಿಗೆ ವಾರ್ಡುಗಳಲ್ಲಿ ನರಳುತ್ತಿದ್ದ ತಾಯಂದಿರು ಮತ್ತು ಅವರ ಮನೆಯವರ ಸಹಕಾರದಿಂದ ಸಿಕ್ಕ ತಿಳಿವಳಿಕೆ ಇದು. ಇಂದು ಲಂಡನ್ನಿನ ಸಿರಿವಂತೆಗೂ ಅದರಿಂದಲೇ ರಕ್ಷಣೆ. ಚರಿತ್ರೆಯ ಪುಸ್ತಕಗಳಲ್ಲಿ ಆ ಹೆಂಗಸರ ಹೆಸರಿಲ್ಲ.

ಬಾಗಿಲಿಗೆ ಹಾಕಿದ ಅಗುಳಿ

ಉಪ್ಪು ಮಿದುಳಿನಲ್ಲಿ ಮಾಡುವುದೇನು? 1932ರಲ್ಲಿ ಬಾಲ್ಟಿಮೋರಿನ ಕ್ರೂಸ್, ಓರೆಂಟ್ ಮತ್ತು ಮೆಕಾಲಂ ಎಂಬ ವಿಜ್ಞಾನಿಗಳು ಇಲಿಗಳಿಗೆ ಮೆಗ್ನೀಸಿಯಂ ಇಲ್ಲದ ಆಹಾರ ಕೊಟ್ಟು ನೋಡಿದ್ದರು. ಕೆಲವೇ ದಿನಗಳಲ್ಲಿ ಇಲಿಗಳು ಚಿಕ್ಕ ಸದ್ದಿಗೂ ಬೆಚ್ಚಿ ಬಿದ್ದು ಸೆಳವಿಗೆ ಒಳಗಾಗುತ್ತಿದ್ದವು. ಅದರ ಒಂದು ಕಾರಣ ತಿಳಿದದ್ದು ಅರ್ಧ ಶತಮಾನದ ನಂತರ, 1984ರಲ್ಲಿ. ಪ್ಯಾರಿಸ್ಸಿನ ಮತ್ತು ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಕಂಡುಕೊಂಡವು. ನರಕೋಶದ ಹೊದಿಕೆಯಲ್ಲಿ ‘ಎನ್‌ಎಂಡಿಎ’ ಎಂಬ ಕಿರುಬಾಗಿಲುಗಳಿವೆ. ಮೆಗ್ನೀಸಿಯಂ ಆ ಬಾಗಿಲಿಗೆ ಅಗುಳಿಯಂತೆ ಸಿಕ್ಕಿಕೊಂಡಿರುತ್ತದೆ. ಬಲವಾದ ಸಂದೇಶ ಬಂದಾಗ ಮಾತ್ರ ಅಗುಳಿ ಸರಿಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನಾವು ಕಲಿಯುವುದು, ನೆನಪಿಡುವುದು ಈ ತೆರೆಯುವ ಮುಚ್ಚುವ ಲೆಕ್ಕಾಚಾರದ ಮೇಲೆ ಬಹುಮಟ್ಟಿಗೆ ನಿಂತಿದೆ. ಅಗುಳಿಯೇ ಇಲ್ಲವಾದರೆ ನರಕೋಶಗಳು ಸುಮ್ಮಸುಮ್ಮನೆ ಕೆರಳುತ್ತವೆ. ಎಕ್ಲಾಂಪ್ಸಿಯಾದಲ್ಲಿ ಈ ಮದ್ದು ಕೆಲಸ ಮಾಡುವ ಬಗೆಯ ಕುರಿತು ಪೂರ್ತಿ ಒಮ್ಮತ ಇಂದಿಗೂ ಇಲ್ಲ. ರಕ್ತನಾಳಗಳನ್ನು ಸಡಿಲಿಸುವುದೂ ಅದರ ಒಂದು ಭಾಗವೆನ್ನುತ್ತಾರೆ. ಆದರೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ತಾಯಿಯ ಮಿದುಳಿನ ಜೊತೆಗೆ ಮಗುವಿನ ಮಿದುಳಿನ ಮಾತೂ ಇದರಲ್ಲಿ ಸೇರಿಕೊಂಡಿತು. 2008ರಲ್ಲಿ ಅಮೆರಿಕದಲ್ಲಿ 2,241 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ತಿಂಗಳು ತುಂಬುವ ಬಹಳ ಮೊದಲೇ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಾಗ, ಕೈಕಾಲು ಸ್ವಾಧೀನವಿಲ್ಲದಂತೆ ಮಾಡುವ ಸೆರೆಬ್ರಲ್ ಪಾಲ್ಸಿಯ ತೀವ್ರ ಹಾಗೂ ಮಧ್ಯಮ ಬಗೆಗಳು ಶೇ. 3.5ರಿಂದ 1.9ಕ್ಕೆ ಇಳಿದಿದ್ದವು. ಗರ್ಭದ 32 ವಾರಕ್ಕೆ ಮೊದಲೇ ಹೆರಿಗೆಯಾಗುವಂತಿದ್ದರೆ ಇದನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಭೇದಿಯ ಉಪ್ಪು ಹುಟ್ಟದ ಮಗುವಿನ ಮಿದುಳನ್ನು ಕಾಯುವ ಹಂತಕ್ಕೆ ಬಂದು ನಿಂತಿತು.

ಹಾಗೆಂದು ಅದು ಮಿದುಳಿನ ಎಲ್ಲ ಕಷ್ಟಕ್ಕೂ ಮದ್ದಲ್ಲ. ಪಾರ್ಶ್ವವಾಯು ಹೊಡೆದ 1,700 ಮಂದಿಗೆ ಆಂಬುಲೆನ್ಸಿನಲ್ಲೇ ಮೆಗ್ನೀಸಿಯಂ ಕೊಡಲು ಆರಂಭಿಸಿ ನೋಡಿದ ಲಾಸ್ ಏಂಜಲಿಸ್ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಉಪಯೋಗವಾಗಲಿಲ್ಲ. ಸತ್ಯ ಹೇಳುವ ಪ್ರಯೋಗಗಳು ಹೀಗೆ ಇಲ್ಲ ಎನ್ನುವುದನ್ನೂ ಹೇಳುತ್ತವೆ.

ರೊಟ್ಟಿಯಿಂದ ಡಬ್ಬಿಗೆ

ಈಗ ನೆನಪಿನ ಗುಳಿಗೆಗಳ ಮಾತು. 2010ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಮೆಗ್ನೀಸಿಯಂ ಥ್ರಿಯೊನೇಟ್ ಎಂಬ ಹೊಸ ರೂಪವನ್ನು ಇಲಿಗಳಿಗೆ ಕೊಟ್ಟು ಅವುಗಳ ಕಲಿಕೆ, ನೆನಪು ಸುಧಾರಿಸಿತೆಂದು ಪ್ರಕಟಿಸಿದರು. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಚಿಕ್ಕವು. 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬ್ರಿಟನ್ನಿನ ಸುಮಾರು 6,000 ಮಂದಿಯ ಊಟದ ವಿವರಗಳನ್ನೂ ಮಿದುಳಿನ ಸ್ಕ್ಯಾನುಗಳನ್ನೂ ಪರಿಶೀಲಿಸಿದರು. ದಿನಕ್ಕೆ 550 ಮಿಲಿಗ್ರಾಂಗಿಂತ ಹೆಚ್ಚು ಮೆಗ್ನೀಸಿಯಂ ಸೇವಿಸುವವರ ಮಿದುಳು, ಸುಮಾರು 350 ಮಿಲಿಗ್ರಾಂ ಸೇವಿಸುವವರ ಮಿದುಳಿಗಿಂತ 55ನೆಯ ವಯಸ್ಸಿನ ಹೊತ್ತಿಗೆ ಒಂದು ವರ್ಷದಷ್ಟು ಎಳೆಯದಾಗಿ ಕಾಣುತ್ತದೆ ಎಂದರು. ಇದು ಒಳ್ಳೆಯ ಸುದ್ದಿಯೇ. ಆದರೆ ಸೊಪ್ಪು, ಕಾಳು, ಇಡೀ ಧಾನ್ಯ ತಿನ್ನುವವರು ಇತರ ರೀತಿಯಲ್ಲೂ ಆರೋಗ್ಯದ ಕಡೆ ಗಮನ ಕೊಡುವವರಾಗಿರಬಹುದು. ಮೆಗ್ನೀಸಿಯಂನಿಂದಲೇ ಹಾಗಾಯಿತೆಂದು ಇಂಥ ಅಧ್ಯಯನದಿಂದ ಸಾಧಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಲೆಕ್ಕ ಇದ್ದದ್ದು ಊಟದ ಮೆಗ್ನೀಸಿಯಂನದು, ಗುಳಿಗೆಯದಲ್ಲ.

ನಮ್ಮ ದೇಹದಲ್ಲಿ ಇರುವ ಮೆಗ್ನೀಸಿಯಂ ಸುಮಾರು 25 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿದೆ, ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ಗಂಡಸಿಗೆ 440, ಹೆಂಗಸಿಗೆ 370 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 140, ಜೋಳದಲ್ಲಿ ಸುಮಾರು 130 ಮಿಲಿಗ್ರಾಂ ಇರುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 20ರ ಆಸುಪಾಸು. ಗೋಧಿಯನ್ನು ಮೈದಾ ಮಾಡಿದಾಗ ಮುಕ್ಕಾಲಿಗಿಂತ ಹೆಚ್ಚು ಭಾಗ ತೌಡಿನೊಡನೆ ಹೊರಟುಹೋಗುತ್ತದೆ. ಜೋಳದ ರೊಟ್ಟಿ, ರಾಗಿ ಮುದ್ದೆ ತಿನ್ನುವುದು ಬಡತನದ ಗುರುತು, ಬಿಳಿ ಅನ್ನ ಮತ್ತು ಮೈದಾ ಪರಾಟ ಬರ್ಕತ್ತಿನ ಗುರುತು ಎಂದು ನಂಬಿದ ಒಂದು ತಲೆಮಾರು ನಮ್ಮಲ್ಲಿ ಆಗಿಹೋಯಿತು. ಈಗ ಆ ತೌಡಿನಲ್ಲಿ ಕಳೆದುಕೊಂಡದ್ದನ್ನು ಡಬ್ಬಿಯಲ್ಲಿ ಕೊಂಡು ತರುತ್ತಿದ್ದೇವೆ. ಮೂತ್ರಪಿಂಡದ ತೊಂದರೆ ಇರುವವರಿಗಂತೂ ವೈದ್ಯರನ್ನು ಕೇಳದೆ ನುಂಗುವ ಈ ಗುಳಿಗೆ ಅಪಾಯಕಾರಿ. ಇತರರಲ್ಲೂ ಹೆಚ್ಚಾದರೆ ಎಪ್ಸಮ್ ಬಾವಿಯ ಹಳೆಯ ಗುಣವನ್ನೇ ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ರಾಗಿ ತಿಂದರೆ ಗರ್ಭನಂಜು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬಾರದು. ಬಸುರಿಗೆ ಮೆಗ್ನೀಸಿಯಂ ಗುಳಿಗೆ ಕೊಟ್ಟರೆ ಅದನ್ನು ತಡೆಯಬಹುದು ಎಂಬುದಕ್ಕೂ ಸಾಕಷ್ಟು ಪುರಾವೆ ಇಲ್ಲ. ಊಟದ ಮೆಗ್ನೀಸಿಯಂ ದಿನನಿತ್ಯದ ಆರೋಗ್ಯಕ್ಕೆ. ಸೆಳವಿಗೆ ಬೇಕಾದದ್ದು ಆಸ್ಪತ್ರೆಯ ಇಂಜೆಕ್ಷನ್, ಅದೂ ಹೊತ್ತಿಗೆ ಸರಿಯಾಗಿ.

ನಮ್ಮ ಬಾಗಿಲಿನವರೆಗೆ

2012ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ತಾಯಿ ಮಕ್ಕಳ ಜೀವ ಉಳಿಸುವ 13 ವಸ್ತುಗಳ ಪಟ್ಟಿ ಮಾಡಿತು. ಅಗ್ಗವಾಗಿದ್ದರೂ ಜನರನ್ನು ತಲುಪದ ವಸ್ತುಗಳವು. ಮೆಗ್ನೀಸಿಯಂ ಸಲ್ಫೇಟ್ ಅವುಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ ಬಾಣಂತಿ ಸಾವುಗಳಲ್ಲಿ ಶೇ. 14ರಷ್ಟು ಗರ್ಭಿಣಿಯರ ರಕ್ತದೊತ್ತಡದ ರೋಗಗಳಿಂದ ಆಗುತ್ತಿದ್ದವು.

ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿದಿತ್ತು. ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯರು, 108 ವಾಹನ ಇವೆಲ್ಲದರ ಪಾಲು ಅದರಲ್ಲಿದೆ. ಆದರೂ ಅದೇ ಲೆಕ್ಕದಲ್ಲಿ ಕೇರಳದ ಅಂಕಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಸಂತೋಷಪಟ್ಟು ಕೂರುವ ಹಾಗಿಲ್ಲ.

ಭಾರತ ಸರ್ಕಾರದ 2010ರ ಮಾರ್ಗಸೂಚಿಯಂತೆ, ಸೆಳವು ಬಂದ ಗರ್ಭಿಣಿಗೆ ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಈ ಇಂಜೆಕ್ಷನ್ನಿನ ಮೊದಲ ಪ್ರಮಾಣವನ್ನು ಉಪಕೇಂದ್ರದ ನರ್ಸಮ್ಮನೂ ಕೊಡಬಹುದು. ಎರಡೂ ಪೃಷ್ಠಗಳಿಗೆ ಐದೈದು ಗ್ರಾಂ. 2014-16ರಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಆಶಾ ಕಾರ್ಯಕರ್ತೆಯರು ಮತ್ತು ನರ್ಸುಗಳು ಬಸುರಿಯರ ಮನೆಗೇ ಹೋಗಿ ಬಿಪಿ ನೋಡುವುದು, ಅಗತ್ಯ ಬಿದ್ದರೆ ಮಾತ್ರೆ ಮತ್ತು ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಅದರ ಕ್ರಮ. ಇಂಥದೇ ಕೆಲಸ ಪಾಕಿಸ್ತಾನದ ಸಿಂಧ್‌ನಲ್ಲೂ ಮೊಜಾಂಬಿಕ್‌ನಲ್ಲೂ ನಡೆಯಿತು. ಒಟ್ಟು ಫಲಿತಾಂಶ ನಿರಾಶೆ ತರುವಂಥದ್ದು. ಸಾವು ನೋವುಗಳು ಎಣಿಸಿದಂತೆ ಇಳಿಯಲಿಲ್ಲ. ಆದರೆ ಎಂಟು ಸಲಕ್ಕಿಂತ ಕಡಿಮೆಯಿಲ್ಲದಂತೆ ಭೇಟಿ ಪಡೆದ ಬಸುರಿಯರ ಸ್ಥಿತಿ ಉತ್ತಮವಾಗಿತ್ತೆಂದು 2020ರ ವಿಶ್ಲೇಷಣೆ ಸೂಚಿಸಿತು. ಒಂದು ಸಲ ಬಾಗಿಲು ತಟ್ಟಿ ಹೋದರೆ ಸಾಲದು, ಮತ್ತೆ ಮತ್ತೆ ಬರಬೇಕು ಎಂಬುದೇ ಅದರ ಅರ್ಥ. ಮದ್ದು ಇದ್ದರಷ್ಟೇ ಸಾಲದು, ರಸ್ತೆ, ವಾಹನ, ರಕ್ತ, ವೈದ್ಯರು, ಎಲ್ಲ ಬೇಕು ಎಂಬುದೂ ಅದರ ಅರ್ಥ.

ಇದಿಷ್ಟೂ ಸರ್ಕಾರದ ಹೊಣೆ. ಇನ್ನೊಂದು ಹೊಣೆ ನಮ್ಮ ಮನೆಯೊಳಗಿದೆ. ಗಂಡ ಗಲ್ಫಿನಲ್ಲಿದ್ದಾನೆ, ಅವನ ಫೋನು ಬರಲಿ. ಮಾವ ಜಮಾತಿಗೆ ಹೋಗಿದ್ದಾರೆ, ಬಂದ ಮೇಲೆ ನೋಡೋಣ. ಗಂಡಸು ಡಾಕ್ಟರರಿದ್ದರೆ ಹೇಗೆ? ಇಂಥ ಮಾತುಗಳಲ್ಲಿ ಕಳೆದುಹೋಗುವ ಗಂಟೆಗಳು ಮಿದುಳಿನೊಳಗೆ ರಕ್ತ ಸುರಿಯುವ ಗಂಟೆಗಳಾಗಿರಬಹುದು. ಮುಖ ಬಾತಿದೆ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಹೊಟ್ಟೆಯ ಮೇಲ್ಭಾಗ ನೋಯುತ್ತಿದೆ ಎಂದು ಬಸುರಿ ಹೇಳಿದರೆ ಅದನ್ನು ಸೊಸೆಯ ನೆಪವೆಂದು ತಿಳಿಯದೆ ಅದೇ ದಿನ ಬಿಪಿ ನೋಡಿಸಬೇಕು. ಹೆರಿಗೆಯಾಗಿ ತವರಿನಲ್ಲಿ ಮಲಗಿದ ಬಾಣಂತಿಗೂ ಇದೇ ಮಾತು. ಸೆಳವು ಬಂದರೆ ಬಾಯಿಗೆ ಚಮಚ ತುರುಕಬಾರದು, ನೀರು ಹಾಕಬಾರದು. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಮೂರ್ಛೆಯಲ್ಲಿ ಮೈ ಬಯಲಾಗದಿರಲಿ ಎಂದು ಬೇಡಿದ ಆ ಮಹಿಳೆಯನ್ನು ಇಲ್ಲಿ ಮತ್ತೆ ನೆನೆಯಬೇಕು. ನಮ್ಮ ಹೆಣ್ಣುಮಕ್ಕಳ ಮರ್ಯಾದೆ ಕಾಯುವುದೆಂದರೆ ಬಾಗಿಲು ಹಾಕಿ ಕೂಡಿಡುವುದಲ್ಲ. ಆಕೆಯ ಮೇಲೊಂದು ಚಾದರ ಹೊದಿಸಿ, ಹೊತ್ತು ಕಳೆಯದೆ ಆಸ್ಪತ್ರೆಯ ಹಾಸಿಗೆಗೆ ತಲುಪಿಸುವುದು. ದುಆ ಮತ್ತು ದವಾ ಎರಡೂ ಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಓದಿ ಊದುವವರು ಊದಲಿ, ಗಾಡಿಯಲ್ಲಿ ಕುಳಿತುಕೊಂಡೇ ಊದಲಿ. ಜುಮಾ ದಿನದ ಭಾಷಣದಲ್ಲಿ ಐದು ನಿಮಿಷ ಈ ಮಾತಿಗೆ ಕೊಟ್ಟರೆ ಮೌಲ್ವಿ ಸಾಹೇಬರ ಗೌರವಕ್ಕೆ ಕುಂದೇನೂ ಬಾರದು. ನಮ್ಮ ಮಸೀದಿ ಕಮಿಟಿಗಳು, ಮಹಿಳಾ ಸಂಘಗಳು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿ ಉಪಕರಣ ಸರಿ ಇದೆಯೇ, ಮೆಗ್ನೀಸಿಯಂ ಸಲ್ಫೇಟ್ ಇದೆಯೇ, ಅದನ್ನು ಕೊಡಲು ಕಲಿತ ನರ್ಸ್ ರಾತ್ರಿ ಪಾಳಿಯಲ್ಲಿ ಇದ್ದಾರೆಯೇ ಎಂದು ಕೇಳಲಿ. ಇವು ಕೇಳಬೇಕಾದ ಪ್ರಶ್ನೆಗಳು.

ಎಪ್ಸಮ್‌ನ ದನಗಳು ಬಿಟ್ಟುಹೋದ ಕಹಿ ನೀರು ನಾಲ್ಕು ಶತಮಾನ ನಡೆದು ನಮ್ಮ ಊರಿನ ಆರೋಗ್ಯ ಕೇಂದ್ರದ ಕಪಾಟಿಗೆ ಬಂದು ನಿಂತಿದೆ. ಅಲ್ಲಿಂದ ಬಸುರಿಯ ಹಾಸಿಗೆಯವರೆಗಿನ ದೂರ ಬಹಳವಿಲ್ಲ. ಆ ದೂರವನ್ನು ಕ್ರಮಿಸಬೇಕಾದವರು ನಾವೇ.